ತವರಿಗೆ ಹೋಗುತ್ತಿದ್ದ ಸ್ಕೂಟರ್

ಕುಮಟಾದ ಹತ್ತಿರ ಅಳ್ವೆಕೋಡಿಯ ಗಣಪನ ಸ್ಕೂಟರ್ ವರ್ಷಕ್ಕೊಮ್ಮೆ ತವರಿಗೆ ಹೋಗುತ್ತಿತ್ತು. ತವರೆಂದರೆ ಗೋವೆಯ ಕಾಣಕೋಣ. ಅಲ್ಲಿ ಮನೆ ಮಾಡಿಕೊಂಡಿದ್ದ ರಮಾನಂದ, ಗಣಪನ ಹೆಂಡತಿ ಮಾದೇವಿಯ ತಮ್ಮ, ತಾನು ಹೊಸದು ಕೊಂಡಾಗ ಹಳೆಯದನ್ನು ಭಾವನಿಗೆ ಕೊಟ್ಟಿದ್ದ. ಗೋವೆಯ ನಂಬರ್ ಹಾಗೇ ಇತ್ತು. ಗಣಪ ಅದರ ಮೈತುಂಬ ಸಿಹಿ ಈರುಳ್ಳಿಯ ಗೊಂಚಲು ಇಳಿಬಿಟ್ಟು ಮಾರಲು ಹೊರಟರೆ ಮುಂದಿನ ದೀಪವೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಆ ಗೊಂಚಲಿನ ಸಂದಿಯಲ್ಲೂ ನಂಬರ್ ಕಂಡ ಆರ್‌ಟಿಓ ಸಾಹೇಬರೊಬ್ಬರು ಒಮ್ಮೆ ಹೆದ್ದಾರಿಯಲ್ಲಿ ಕೈ ಅಡ್ಡ ಹಿಡಿದರು.

"ಗೋವೆ ಗಾಡಿ ವರ್ಷದ ಮೇಲೆ ಇಲ್ಲಿಟ್ಕಂಡ್ರೆ ಇಲ್ಲಿ ತೆರಿಗೆ ಕಟ್ಬೇಕು, ನಂಬರ್ ಬದಲಿಸ್ಬೇಕು."

"ಅಲ್ಲಿ ಕಟ್ಟಿದ್ದು ಎಂತಕಾಯ್ತು ಸಾಯ್ಬ್ರೆ?"

"ಅದು ಆ ರಾಜ್ಯದ್ದು. ಇದು ಈ ರಾಜ್ಯದ್ದು."

ಮೂರು ದಿನ ತಲೆ ಕೆರೆದುಕೊಂಡ ಗಣಪನಿಗೆ ಈರುಳ್ಳಿ ಕೀಳುವಾಗ ದಾರಿ ಹೊಳೆಯಿತು. "ಏ ಮಾದೇವಿ! ವರ್ಷ ತುಂಬುಕೆ ಬಿಟ್ರಲ್ವಾ! ಹನ್ನೊಂದ್ನೇ ತಿಂಗ್ಳಿಗೆ ತವರಿಗೆ ಕರ್ಕಂಡು ಹೋಗುದು, ಒಂದಿನ ಉಳಿಸುದು. ಮತ್ತೆ ಹೊಸ್ದಾಗಿ ಹನ್ನೊಂದು ತಿಂಗ್ಳು!"

ಮಾದೇವಿ ನಗು ನುಂಗಿದಳು. ತಮ್ಮನ ಮನೆಗೆ ಹೋಗೋಣ ಎಂದಾಗಲೆಲ್ಲ ಈ ಗಂಡ, ಗದ್ದೆಗೆ ನೀರು ಬಿಡುವವರು ಯಾರು ಎನ್ನುತ್ತಿದ್ದ. ಸ್ಕೂಟರ್‌ನ ತವರಿಗಾದರೆ ನೀರು ತಾನೇ ಹರಿಯುತ್ತದೆ!

"ಆತು," ಎಂದಳು. "ಹೆಣ್ಣಿನ ಸಂಗ್ಡ ಹೆಣ್ಣೊಂದು ಬೇಕು. ನಾನೂ ಬತ್ತೆ."

ಎರಡು ವರ್ಷ ಚಂದ ನಡೆಯಿತು. ಮೂರನೇ ಸಲ ರಮಾನಂದನ ಹೆಂಡತಿ ರೇಖಾ ತಮಾಷೆಗೆಂದು ದೀಪಕ್ಕೆ ಕುಂಕುಮ ಹಚ್ಚಿ, ಡಿಕ್ಕಿಯಲ್ಲಿ ಅಕ್ಕಿ, ಕಾಯಿ, ರವಿಕೆ ಕಣ ಇಟ್ಟು ಕಳಿಸಿದಳು. ಗಡಿಯ ತಪಾಸಣೆಯಲ್ಲಿ ಪೊಲೀಸ ಬಾಟಲಿ ಹುಡುಕಲು ಡಿಕ್ಕಿ ತೆಗೆಸಿದ.

"ಇದೆಂತದು?"

"ತವರಿನ ಉಡಿ," ಎಂದ ಗಣಪ.

"ಯಾರ್ದು?"

ಗಣಪ ಸೀಟು ತಟ್ಟಿದ. "ಇವಳ್ದು."

ಪೊಲೀಸ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ, ಮೂಸಿದ, ಕೊನೆಗೆ ಗಣಪನ ಬಾಯಿಯನ್ನೂ ಮೂಸಿದ. ಗಾಬರಿಯಾದ ಗಣಪ ಹನ್ನೊಂದು ತಿಂಗಳ ಉಪಾಯವನ್ನೆಲ್ಲ ತಾನಾಗಿ ಒದರಿಬಿಟ್ಟ.

ಪೊಲೀಸ ಹೊಟ್ಟೆ ಹಿಡಿದು ನಕ್ಕ. "ಯಜಮಾನ್ರೇ, ಒಂದಿನ ಹೋಗಿ ಬಂದ್ರೆ ಆಗುದಿಲ್ಲ. ಗಾಡಿ ಇರುದು ಕುಮಟಾದಲ್ಲಿ. ಹೊನ್ನಾವರಕ್ಕೆ ಹೋಗಿ ನಂಬರ್ ಮಾಡಿಸಿ."

ಅಳ್ವೆಕೋಡಿ ಮುಟ್ಟುವವರೆಗೂ ಮಾದೇವಿಗೆ ಒಂದೇ ಯೋಚನೆ. ನಂಬರ್ ಬದಲಾದರೆ ತಮ್ಮನ ಮನೆಯ ದಾರಿ ಮುಚ್ಚಿದಂತೆಯೇ.

ಹೊನ್ನಾವರದ ಆರ್‌ಟಿಓ ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ಕರ್ನಾಟಕದ ಹೊಸ ನಂಬರ್ ಬಂತು. ಗಣಪ ಕಚೇರಿಯ ಅಂಗಳದಲ್ಲೇ ಅದನ್ನು ಪಂಚೆಯ ತುದಿಯಿಂದ ಒರೆಸಿದ. "ಕಾಟ ಮುಗೀತು. ಇನ್ನು ಗೋವೆಗೆ ಹೋಗುದು ಬೇಡ."

"ಎಂತ ಹೇಳ್ತ್ರಿ?" ಜೊತೆಗೆ ಬಂದಿದ್ದ ಮಾದೇವಿ ಸೊಂಟಕ್ಕೆ ಕೈಯಿಟ್ಟಳು. "ಇಷ್ಟು ದಿನ ಅವ್ರ ಮನೆ ಹುಡುಗಿ ನಮ್ಮನೇಲಿ ಬಂದು ಕೂತಿತ್ತು. ಇವತ್ತು ಹೆಸ್ರು ಬದಲಾತು, ಮದ್ವೆ ಆದಂಗೆ. ಮದ್ವೆ ಆದ್ಮೇಲಲ್ವಾ ತವರಿಗೆ ಕಳಿಸುದು? ನೀವೇ ಪೊಲೀಸನ ಮುಂದೆ ಉಡಿ ಅಂದವ್ರು!"

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಗಣಪ ಹೊಸ ನಂಬರನ್ನು ಮತ್ತೊಮ್ಮೆ ಒರೆಸಿದ.

"ಯಾವಾಗ ಹೋಗುದು?"

"ಚೌತಿಗೆ. ಹೊಸ ಮದುಮಗಳು, ಎರಡು ದಿನ ಹೆಚ್ಚೇ ಇರ್ಲಿ."