ಎರಡು ಗಂಟೆಯ ಮಗ್ಗುಲು

ನಾನು ಸುಲಭಕ್ಕೆ ಯಾವುದನ್ನೂ ನಂಬುವವನಲ್ಲ. ದೆವ್ವ, ಮಾಟ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಮನುಷ್ಯರನ್ನೂ ಅಷ್ಟೇ ಅನುಮಾನದಿಂದ ನೋಡುತ್ತಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗಾಂಧಿ ಚೌಕದಲ್ಲಿ ತರಕಾರಿ ಕೊಳ್ಳುವಾಗ ತಕ್ಕಡಿಯನ್ನು ಬಗ್ಗಿ ನೋಡುವ ಜಾತಿ ನನ್ನದು. ಇದನ್ನು ಓದಿ ನೀವು ನಂಬದಿದ್ದರೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಅಣ್ಣ ಬೈಕಿನಿಂದ ಬಿದ್ದು ಕುತ್ತಿಗೆಯ ಎಲುಬು ಮುರಿದುಕೊಂಡ. ಅಂದಿನಿಂದ ಕುತ್ತಿಗೆಯ ಕೆಳಗೆ ಒಂದು ಬೆರಳೂ ಅಲುಗುವುದಿಲ್ಲ. ಮಾತು, ಬುದ್ಧಿ ಮೊದಲಿನಂತೆಯೇ ಇವೆ. ನಮ್ಮ ಮನೆ ಮೂರನೇ ಮಹಡಿಯಲ್ಲಿ, ಅವನನ್ನು ಎತ್ತಿ ಇಳಿಸುವುದು ಆಗಲಿಲ್ಲ. ಇಬ್ರಾಹಿಂಪುರದಲ್ಲಿ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯೊಂದಿತ್ತು. ಮೆಟ್ಟಿಲಿಲ್ಲ, ಗಾಲಿಕುರ್ಚಿ ಸಲೀಸಾಗಿ ಹೋಗುವ ಬಾಗಿಲುಗಳು. ಅಲ್ಲಿ ಸೇರಿಸಿದೆವು.

ಅಣ್ಣನಂಥವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಹೊರಳಿಸಲೇಬೇಕು. ತಪ್ಪಿದರೆ ಬೆನ್ನಿಗೆ ಹುಣ್ಣಾಗುತ್ತದೆ, ಅದು ಕೊಳೆತರೆ ಜೀವಕ್ಕೇ ಕುತ್ತು. ಆ ಕೆಲಸ ಮೆಹಬೂಬಿಯದು, ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಹೊರಳಿಸಿದಾಗಲೆಲ್ಲ ಗೋಡೆಯ ಮೇಲಿನ ಹಾಳೆಯಲ್ಲಿ ಆ ಗಂಟೆಯ ಎದುರು ಟಿಕ್ ಹಾಕಬೇಕು.

ಒಂದು ದಿನ ಹನ್ನೆರಡೂವರೆಗೆ ಹೋಗಿ ನೋಡುತ್ತೇನೆ, ಎರಡು ಗಂಟೆಗೆ, ನಾಲ್ಕು ಗಂಟೆಗೆ ಆಗಲೇ ಟಿಕ್ ಬಿದ್ದಿದೆ! ಮೈ ಉರಿಯಿತು.

"ಪೆನ್ನು ಮ್ಯಾನೇಜರ್ ಕಡೆ ಇರ್ತೈತ್ರಿ ಯಪ್ಪಾ. ಕೈಗೆ ಸಿಕ್ಕಾಗ ಎಲ್ಲಾ ಹಾಕಿಬಿಡ್ತೀನಿ. ಹೊರಳಿಸೂದು ಮಾತ್ರ ಒಂದಿನಾನೂ ತಪ್ಪಿಸಿಲ್ರಿ" ಎಂದಳು ಮೆಹಬೂಬಿ.

"ಮಾಡದ ಕೆಲಸ ಮಾಡೇನಂತ ಬರದ್ರ ಸುಳ್ಳ ಅಲ್ಲೇನ ಬೇ?" ಎಂದು ಕೂಗಾಡಿದೆ.

ಎರಡು ವರ್ಷದಲ್ಲಿ ಅಣ್ಣನ ಬೆನ್ನು ಒಂದು ಸಲವೂ ಕೆಂಪಾಗಿರಲಿಲ್ಲ. ಅದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ದೂರು ಬರೆದುಕೊಟ್ಟೆ. ಮ್ಯಾನೇಜರ್ ನಿಂತ ಕಾಲಿನಲ್ಲೇ ಅವಳನ್ನು ಕೆಲಸದಿಂದ ಬಿಡಿಸಿದರು. ಅವಳು ಚೀಲ ತೆಗೆದುಕೊಂಡು ಒಂದು ಗಂಟೆ ಹೊಡೆಯುವುದರೊಳಗೆ ಹೊರಟುಹೋದಳು.

"ಹೊಸಾಕಿ ಮೂರಕ್ಕ ಬರ್ತಾಳ್ರಿ. ಎರಡಕ್ಕ ನಾವಿಬ್ರೂ ಸೇರಿ ಹೊರಳಿಸೂಣು" ಎಂದು ಹೇಳಿದ್ದ ಮ್ಯಾನೇಜರ್ ಒಂದೂವರೆಗೆ ಊಟಕ್ಕೆ ಕುಳಿತರು.

ನಾನು ಅಣ್ಣನ ಕೋಣೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಕೋಣೆಗೆ ಅದೊಂದೇ ಬಾಗಿಲು. ಎರಡಕ್ಕೆ ಐದು ನಿಮಿಷ ಇದ್ದಾಗ ಅಡುಗೆಯವಳು ಚಹಾ ತಂದುಕೊಟ್ಟಳು. ಆಗ ಒಳಗೆ ಇಣುಕಿದ್ದೆ, ಅಣ್ಣ ಅಂಗಾತ ಮಲಗಿದ್ದ. ಮೊಬೈಲಿನಲ್ಲಿ ಎರಡಾದದ್ದು ನೋಡಿ ಎದ್ದೆ.

ಅಣ್ಣ ಎಡಮಗ್ಗುಲಾಗಿದ್ದ. ಮೊಣಕಾಲುಗಳ ನಡುವೆ ದಿಂಬು, ಬೆನ್ನಿಗೊಂದು ದಿಂಬು, ಹಿಮ್ಮಡಿಯ ಕೆಳಗೆ ಮಡಚಿದ ಟವೆಲ್. ನಾನೊಬ್ಬನೇ ಎತ್ತಲಾರದ ಮೈ ಅದು. ನನ್ನ ಕೈಯಲ್ಲಿನ ಚಹಾ ಇನ್ನೂ ಬಿಸಿಯಿತ್ತು.

"ಯಾರು ಹೊರಳಿಸಿದ್ರು?" ಎಂದು ಕೇಳಿದೆ.

"ಮೆಹಬೂಬಿ ಬಂದಿದ್ಲಲ್ಲೋ ತಮ್ಮಾ. ಕೆಳಗ ಮಡಚಿಕೊಂಡಿದ್ದ ಕಿವಿ ಸೈತ ನೆಟ್ಟಗ ಮಾಡಿ ಹೋದ್ಲು" ಎಂದ ಅಣ್ಣ.

ಮಗ್ಗುಲಾದವರ ಕಿವಿ ಮಡಚಿಕೊಂಡು ನೋಯುತ್ತದೆಂಬುದೇ ನನಗೆ ತಿಳಿದಿರಲಿಲ್ಲ. ಹೆದರಿದೆ, ಆದರೂ ಅನುಮಾನ ಬಿಡಲಿಲ್ಲ. ಕಿಟಕಿಯ ಸರಳುಗಳನ್ನು ಜಗ್ಗಿ ನೋಡಿದೆ. ಮಂಚದ ಕೆಳಗೆ ಬಗ್ಗಿದೆ. ಮ್ಯಾನೇಜರನ್ನು ಕಳ್ಳನನ್ನು ವಿಚಾರಿಸಿದಂತೆ ವಿಚಾರಿಸಿದೆ. ಅವರು ತಟ್ಟೆಯ ಮುಂದಿನಿಂದ ಎದ್ದೇ ಇಲ್ಲವೆಂದು ಅಡುಗೆಯವಳು ಹೇಳಿದಳು. ಅವಳೂ ಇದರಲ್ಲಿ ಸೇರಿದ್ದಾಳೆಯೇ ಎಂದುಕೊಂಡೆ. ಕೊನೆಗೆ ಮೆಹಬೂಬಿ ಅಲ್ಲೇ ಎಲ್ಲೋ ಅಡಗಿರಬೇಕೆಂದು ಅವಳಿಗೇ ಫೋನ್ ಹಚ್ಚಿದೆ.

"ತಿಕೋಟಾ ಇಳಿಯೋರು ಮುಂದ ಬರ್ರಿ" ಎಂದು ಕಂಡಕ್ಟರ್ ಕೂಗುವುದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು. ಅದು ಇಪ್ಪತ್ತು ಕಿಲೋಮೀಟರ್ ಆಚೆಗಿನ ಊರು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಯಪ್ಪಾ, ಎರಡು ಹೊಡೀತು. ಅಣ್ಣಾರನ್ನ ಹೊರಳಿಸೀರಿಲ್ರಿ?"

"ಹೂಂ, ಹೊರಳಿಸೇವಿ" ಎಂದುಬಿಟ್ಟೆ.

"ಛಲೋ ಆತ್ರಿ" ಎಂದು ಫೋನ್ ಇಟ್ಟಳು.

ಅವಳೀಗ ಬಬಲೇಶ್ವರದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಂಡಿದ್ದಾಳೆ. ವಾಪಸ್ಸು ಬಾ ಎಂದು ಕರೆಯಲು ಎರಡು ಸಲ ಹೋದೆ, ಒಲ್ಲೆ ಎಂದಳು. ಅಣ್ಣನನ್ನು ಎಷ್ಟು ಸಲ ಕೇಳಿದರೂ ಅದೇ ಉತ್ತರ. ಆ ಮಧ್ಯಾಹ್ನದ ವಿಷಯವನ್ನು ಮೆಹಬೂಬಿಯ ಹತ್ತಿರ ಎತ್ತಲು ಮಾತ್ರ ಎರಡು ಸಲವೂ ನನಗೆ ಬಾಯಿ ಬರಲಿಲ್ಲ. ಎತ್ತಬೇಕಾದರೆ, ಅಂದು ಅಣ್ಣನನ್ನು ಹೊರಳಿಸಿದ್ದು ನಾನಲ್ಲ ಎಂದು ಮೊದಲು ಅವಳ ಮುಂದೆ ಒಪ್ಪಿಕೊಳ್ಳಬೇಕಿತ್ತು.