ಕೊನೆಯ ಬೈತಲೆ ತೆಗೆಯುವ ಕೈ

ಬೆಳಗಿನ ಐದೂವರೆ. ಬೀದಿ ದೀಪಗಳು ಇನ್ನೂ ಆರಿಲ್ಲ. ಸುಣ್ಣ ಬಳಿದ ಉದ್ದನೆಯ ಕೋಣೆಯ ಹೊರಗೆ ಅರವತ್ತೊಂದರ ಹಿರಿಯರೊಬ್ಬರು ಬಕೆಟ್ಟಿನ ಬಿಸಿನೀರಿನಲ್ಲಿ ಎರಡೂ ಕೈ ಮುಳುಗಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದಾರೆ.

"ತಣ್ಣನೆ ಕೈಯಲ್ಲಿ ಯಾರನ್ನೂ ಮುಟ್ಟಬಾರದು ನೋಡಿ," ಅನ್ನುತ್ತಾರೆ.

"ಇಷ್ಟು ವರ್ಷದಲ್ಲಿ ಒಬ್ರಾದ್ರೂ ಚಳಿ ಅಂದಿದಾರಾ?" ಒಳಗಿನಿಂದ ಹೆಂಡತಿಯ ದನಿ.

"ಅನ್ನಲ್ಲ ಅಂತಾನೇ ಕಣೆ, ನಾವೇ ನೋಡ್ಕೋಬೇಕಾಗಿರೋದು."

ಈ ಸಣ್ಣ ಊರಿನಲ್ಲಿ ಯಾರೇ ಕಣ್ಣು ಮುಚ್ಚಲಿ, ಮೊದಲ ಫೋನು ಬರುವುದು ಈ ಮನೆಗೆ. ಮೀಯಿಸುವುದು, ಬಟ್ಟೆ ತೊಡಿಸುವುದು, ತಲೆ ಬಾಚುವುದು, ಪೆಟ್ಟಿಗೆ, ಬಿಳಿ ವ್ಯಾನು, ಕೂರಲು ನಲವತ್ತು ಕುರ್ಚಿ, ಆಮೇಲೆ ಕಚೇರಿಗೆ ಅಲೆದು ತರುವ ಮರಣ ಪ್ರಮಾಣಪತ್ರ, ಎಲ್ಲವೂ ಇವರದೇ. ಹೆಂಗಸರನ್ನು ಮೀಯಿಸಿ ಬಟ್ಟೆ ತೊಡಿಸುವುದು ಹೆಂಡತಿ. ತಲೆ ಬಾಚುವುದು ಮಾತ್ರ ಗಂಡಸಾಗಲಿ ಹೆಂಗಸಾಗಲಿ ಇವರೇ. "ನನ್ನ ತಲೆ ಒಂದಿನ ಬಾಚಿಲ್ಲ ಈ ಮನುಷ್ಯ," ಎಂದು ಆಕೆ ದೂರುತ್ತಾರೆ. ಊರಿನವರು ಎದುರಿಗೆ "ಯಜಮಾನ್ರೇ" ಅನ್ನುತ್ತಾರೆ, ಬೆನ್ನ ಹಿಂದೆ "ಬಿಳಿಗಾಡಿ ಮಾಮ." ಎರಡೂ ಅವರಿಗೆ ಗೊತ್ತು.

ಇವತ್ತು ಬೆರಳು ಬೆಚ್ಚಗಾಗಿ ಎಷ್ಟೋ ಹೊತ್ತಾದರೂ ಅವರು ಏಳುತ್ತಿಲ್ಲ. ಒಳಗೆ ಮಲಗಿರುವವರು ಎಪ್ಪತ್ತನಾಲ್ಕರ ಅಜ್ಜಿ, ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತಿದ್ದವರು. ಇಪ್ಪತ್ತೆರಡು ವರ್ಷಗಳ ಹಿಂದೆ ಇವರ ಕೈಯಲ್ಲಿ ಒಂದು ತಪ್ಪಾಗಿದ್ದು ಆಕೆಯ ಗಂಡನ ವಿಷಯದಲ್ಲಿ.

ಕಸುಬಿಗೆ ಇಳಿದು ಆಗಿನ್ನೂ ನಾಲ್ಕು ವರ್ಷ. ಅಪ್ಪ ಬಡಗಿ, ಬಾಗಿಲು ಕಿಟಕಿಗಳ ನಡುವೆ ಪೆಟ್ಟಿಗೆಗಳನ್ನೂ ಮಾಡಿಕೊಡುತ್ತಿದ್ದರು. ಪೆಟ್ಟಿಗೆ ತಲುಪಿಸಲು ಹೋದ ಮಗ, ಮುಂದೇನು ಮಾಡಬೇಕೆಂದು ತೋಚದೆ ನಿಂತ ಮನೆಯವರಿಗೆ ಕೈ ಜೋಡಿಸುತ್ತಾ ಜೋಡಿಸುತ್ತಾ ಇದಕ್ಕೇ ನಿಂತುಬಿಟ್ಟ. ಅಂದು ಆಕೆಯ ಗಂಡನ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು, ಇವರು ತಲೆಯ ಹಿಂದೆ ನಿಂತು ಬಾಚಿದರು. ಫೋಟೋದಲ್ಲಿ ಬಲಕ್ಕೆ ಕಂಡ ಬೈತಲೆಯನ್ನು ತಮ್ಮ ಬಲಕ್ಕೇ ತೆಗೆದರು. ಎದುರಿನಿಂದ ನೋಡುವವರಿಗೆ ಅದು ತಿರುಗುಮುರುಗಾಗಿತ್ತು. ಅಂಚೆ ಕಚೇರಿಯ ಆಕೆ ಕಾಲ ಕಡೆ ಬಂದು ನಿಂತು, ಒಂದು ಗಳಿಗೆ ನೋಡಿ, "ಇವ್ರು ನಮ್ಮನೆಯವ್ರಲ್ಲ" ಎಂದು ಮುಖ ತಿರುಗಿಸಿದರು. ಮತ್ತೆ ತಿರುಗಿ ನೋಡಲೇ ಇಲ್ಲ.

"ತಪ್ಪು ಗೊತ್ತಾಗಿ ಸರಿ ಮಾಡಿದೆ. ಎರಡು ನಿಮಿಷದ ಕೆಲಸ," ಅನ್ನುತ್ತಾರೆ ಯಜಮಾನರು. "ಆದ್ರೆ ಅವ್ರು ನೋಡಿದ್ದು ಮೊದಲು ಬಾಚಿದ್ದನ್ನೇ. ಕೊನೇ ಸಲ ಬೇರೆ ಯಾರನ್ನೋ ನೋಡ್ದಂಗಾಯ್ತಲ್ಲ, ಅದನ್ನ ನಾನು ಎಲ್ಲಿಂದ ವಾಪಸ್ ತಂದ್ಕೊಡ್ಲಿ?"

ಅಂದಿನಿಂದ ಅವರ ಪದ್ಧತಿ ಬದಲಾಯಿತು. ಬಾಚಿ ಮುಗಿದ ಮೇಲೆ ಬಾಚಣಿಗೆ ಕೆಳಗಿಟ್ಟು, ಫೋಟೋ ಹಿಡಿದು ಕಾಲ ಕಡೆಗೆ ಹೋಗಿ, ಮನೆಯವರು ನಿಲ್ಲುವ ಜಾಗದಲ್ಲೇ ನಿಂತು ನೋಡುತ್ತಾರೆ. ಕನ್ನಡಕವಿದ್ದರೆ ಒರೆಸಿ ಹಾಕುತ್ತಾರೆ. ಮದುವೆಯ ಫೋಟೋ ಕೊಟ್ಟರೆ ವಾಪಸು ಕಳಿಸಿ, ಮನೆಯಲ್ಲಿ ಸುಮ್ಮನೆ ಕೂತಿದ್ದಾಗ ತೆಗೆದದ್ದು ಕೊಡಿ ಅನ್ನುತ್ತಾರೆ. ತಿಂಗಳಿಗೆ ಹತ್ತು ಹನ್ನೆರಡರಂತೆ ಮೂರು ಸಾವಿರ ಮಂದಿ ದಾಟಿದ್ದಾರೆ. ಬೈತಲೆ ಮತ್ತೆ ತಪ್ಪಿಲ್ಲ.

ಊರು ಮೊದಮೊದಲು ಇವರನ್ನು ಕಂಡೂ ಕಾಣದ ಹಾಗೆ ಇತ್ತು. ಬಾಡಿಗೆಗೆ ಮನೆ ಸಿಗಲಿಲ್ಲ. ಕ್ಷೌರದಂಗಡಿಯವರು ಬೋಣಿಯ ಹೊತ್ತಿಗೆ ಬರಬೇಡಿ ಎಂದಿದ್ದರು. ಇವರ ಕುರ್ಚಿಗಳನ್ನು ಶಾಲೆಯ ಕಾರ್ಯಕ್ರಮಕ್ಕೆ ಒಯ್ದವರು, ಅವು ಯಾರವೆಂದು ಯಾರಿಗೂ ಹೇಳುತ್ತಿರಲಿಲ್ಲ. ಈಗ ಇವರ ಬೀರುವಿನ ಬಾಗಿಲಿನ ಒಳಮೈಗೆ ಒಂದು ಹಾಳೆ ಅಂಟಿಸಿದೆ. ಹಿಂದೆ ಮುಂದೆ ಯಾರೂ ಇಲ್ಲದವರು ತೀರಿಕೊಂಡರೆ ಹೆಗಲು ಕೊಡಲು ಬರುತ್ತೇವೆಂದ ಮೂವತ್ತೊಂದು ಮಂದಿಯ ಫೋನ್ ನಂಬರುಗಳು ಅದರಲ್ಲಿವೆ. ಬಸ್ ಡ್ರೈವರು, ದರ್ಜಿ, ಇಬ್ಬರು ಮೇಷ್ಟ್ರುಗಳು. ಮೊದಲನೆಯದು ಆ ಕ್ಷೌರದಂಗಡಿಯವರದೇ. ಯಜಮಾನರು ಆ ನಂಬರಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. "ನಾನು ಕರೀತೀನಿ ಅಷ್ಟೇ. ಅಂಗಡಿ ಬಾಗಿಲು ಹಾಕ್ಕೊಂಡು ಬರೋರು ಅವ್ರು. ದೊಡ್ಡೋರು ಅವ್ರು ಕಣ್ರೀ."

ಅಂಚೆ ಕಚೇರಿಯ ಅಜ್ಜಿಗೆ ಮಾತ್ರ ಅವರು ಮುಖ ಕೊಟ್ಟು ಮಾತಾಡಿದವರಲ್ಲ. ಪತ್ರ ತರಲು ಹೋದಾಗ ಇವರು ಚೀಟಿ ಚಾಚುತ್ತಿದ್ದರು, ಆಕೆ ಪತ್ರ ಕೊಡುತ್ತಿದ್ದರು, ಅಷ್ಟೇ. ಕ್ಷಮಿಸಿ ಅನ್ನುವ ಮಾತು ಪ್ರತಿ ಸಲವೂ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ನಿನ್ನೆ ಸಂಜೆ ಆಕೆಯ ಮಗಳ ಫೋನು ಬಂತು. ಪಕ್ಕದ ಊರಿನಲ್ಲಿ ಶವ ಸಾಗಿಸುವ ಗಾಜಿನ ಗಾಡಿಯ ದೊಡ್ಡ ಕಂಪನಿಯೇ ಇರುವಾಗ ತಮ್ಮನ್ನೇಕೆ ಕರೆದರು? ಎಂದಿನಂತೆ ಫೋಟೋ ಕೇಳಿದರು. "ಫೋಟೋ ಕೊಡಲ್ಲ," ಅಂದಳು ಮಗಳು. "ಅಮ್ಮ ಹಾಗೇ ಹೇಳಿದಾರೆ."

ಇದು ಪರೀಕ್ಷೆಯೋ ಶಿಕ್ಷೆಯೋ ಅವರಿಗೆ ತಿಳಿಯದು. ಇನ್ನೊಮ್ಮೆ ತಪ್ಪಿದರೆ ಕ್ಷಮೆ ಕೇಳಲು ಈಗ ಆಕೆಯೂ ಇಲ್ಲ.

ಕೊನೆಗೂ ಎದ್ದು ಕೈ ಒರೆಸಿಕೊಳ್ಳುತ್ತಾರೆ. ಹೆಂಡತಿ ಅಜ್ಜಿಗೆ ಹತ್ತಿ ಬಟ್ಟೆ ತೊಡಿಸಿ, ನೀಲಿ ಸ್ವೆಟರಿನ ಗುಂಡಿ ಹಾಕಿ ಮುಗಿಸಿದ್ದಾರೆ. ಯಜಮಾನರು ತಲೆಯ ಹಿಂದೆ ನಿಂತು ಕಣ್ಣು ಮುಚ್ಚುತ್ತಾರೆ. ಕೌಂಟರಿನ ಆಚೆ ಬಗ್ಗಿಕೊಂಡು ಪತ್ರ ಹುಡುಕುತ್ತಿದ್ದ ತಲೆಯನ್ನು ನೆನೆಯುತ್ತಾರೆ. ಆಕೆಯ ಎಡ ಹಣೆಯ ಮೇಲೊಂದು ಹಳೆಯ ಗಾಯದ ಗುರುತು. ಅದು ಮುಚ್ಚುವ ಹಾಗೆ ಬಲಗಡೆಯಿಂದ ಓರೆ ಬೈತಲೆ. ಎಡಕಿವಿಯ ಮೇಲೆ ಒಂದು ಕಪ್ಪು ಪಿನ್ನು.

"ಪಿನ್ನು," ಎಂದು ಕೈ ಚಾಚುತ್ತಾರೆ. ಹೆಂಡತಿ ತಮ್ಮ ತಲೆಯಿಂದಲೇ ಒಂದನ್ನು ತೆಗೆದು ಕೊಡುತ್ತಾರೆ. ಬಾಚಿ, ಪಿನ್ನು ಸಿಕ್ಕಿಸಿ, ಯಜಮಾನರು ಕಾಲ ಕಡೆ ಹೋಗಿ ನಿಂತು ತುಂಬ ಹೊತ್ತು ನೋಡುತ್ತಾರೆ.

ಏಳಕ್ಕೆ ಮಗಳು ಬರುತ್ತಾಳೆ. ಅಮ್ಮ ಅಂದು ನಿಂತಿದ್ದ ಜಾಗದಲ್ಲೇ ನಿಲ್ಲುತ್ತಾಳೆ. ಯಜಮಾನರು ಗೋಡೆಗೆ ಒರಗಿ ನೆಲ ನೋಡುತ್ತಿದ್ದಾರೆ.

"ಅಮ್ಮ," ಅನ್ನುತ್ತಾಳೆ ಮಗಳು. ಅಳುತ್ತಾಳೆ. ಆಮೇಲೆ, "ಅಮ್ಮ ಪಿನ್ನು ಹಾಕ್ತಿದ್ದಿದ್ದು ನಂಗೇ ಮರೆತುಹೋಗಿತ್ತು ಅಂಕಲ್."

ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವರ ಕೈಗಿಡುತ್ತಾಳೆ. ತೀರಿಕೊಂಡ ಮೇಲೆ ಏನೇನು ಮಾಡಬೇಕೆಂದು ಅಜ್ಜಿ ಅಂಚೆಯವರ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಯಾರಿಗೆ ಹೇಳಬೇಕು, ಯಾವ ಸ್ವೆಟರು. ಕೊನೆಯ ಸಾಲು ಹೀಗಿದೆ: "ಅವರನ್ನೇ ಕರೆಸಿ. ಫೋಟೋ ಕೊಡಬೇಡಿ. ಅವರು ನನ್ನನ್ನು ನೋಡಿದ್ದಾರೆ, ಅಷ್ಟು ಸಾಕು."

"ಯಾರ ಮನೆ ಸಾವಿಗೆ ಹೋಗಿ ಬಂದ್ರೂ ಅಮ್ಮ ಒಂದೇ ಮಾತು ಹೇಳೋರು," ಅನ್ನುತ್ತಾಳೆ ಮಗಳು. "'ಬೈತಲೆ ಸರಿಯಾಗಿತ್ತು ಕಣೆ, ಆ ಪುಣ್ಯಾತ್ಮ ಮತ್ತೆ ತಪ್ಪಲಿಲ್ಲ' ಅಂತ."

ಯಜಮಾನರು ಓದಿದ್ದನ್ನೇ ಮತ್ತೆ ಓದುತ್ತಾರೆ. "ಇದನ್ನ ನಾನಿಟ್ಕೊಳ್ಲಾ ತಾಯಿ?" ಎಂದು ಕೇಳುತ್ತಾರೆ. ಈಗ ಅದು ಬೀರುವಿನ ಒಳಮೈಯಲ್ಲಿ, ಮೂವತ್ತೊಂದು ನಂಬರುಗಳ ಪಕ್ಕದಲ್ಲಿದೆ.

ಮಧ್ಯಾಹ್ನ ಎಲ್ಲ ಮುಗಿಸಿ, ತೊಳೆದ ಬಾಚಣಿಗೆಗಳನ್ನು ಬಿಸಿಲಿಗಿಟ್ಟು ಜಗಲಿಯಲ್ಲಿ ಕೂತಿದ್ದಾರೆ. ತಮ್ಮ ಸರದಿ ಬಂದಾಗ ಏನಾಗಬೇಕು ಎಂದು ಕೇಳಿದರೆ, ಹೆಂಡತಿಯೇ ಮುಂದಾಗಿ, "ಇವ್ರದ್ದು ಸಲೀಸು. ಬಾಚೋಕೆ ತಲೇಲಿ ಏನಿದೆ?" ಅನ್ನುತ್ತಾರೆ. ಯಜಮಾನರು ಬೋಳುತಲೆ ಸವರಿಕೊಂಡು ನಗುತ್ತಾರೆ.

"ನಂಗೇನೂ ಬೇಡಪ್ಪ," ಅನ್ನುತ್ತಾರೆ. "ಮುಟ್ಟೋ ಕೈ ಬೆಚ್ಚಗಿದ್ರೆ ಸಾಕು."