ಶನಿವಾರ ಹಿಡಿದವರು

ಸಕ್ಕರೆ ಕಾಯಿಲೆಗೆ ಕುಚ್ಚಲಕ್ಕಿ ಒಳ್ಳೆಯದೆಂದು ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಗೂ ಅದು ಬಂತು. ಮೊದಲ ಕುದಿಗೇ ಅದರ ವಾಸನೆ ಅಡಿಗೆಮನೆ ದಾಟಿ ನನ್ನ ಕುರ್ಚಿಯ ತನಕ ಬಂದು ನಿಂತಿತು. ನಿಮಗೆ ಅದು ಬರೀ ಅಕ್ಕಿಯ ವಾಸನೆ. ನನಗೆ ಶಿಕಾರಿಪುರದ ಗಿರಣಿಯ ಕಣ, ಬಿಸಿಲಿಗೆ ಕಾದ ಗಾರೆ, ಬೇಯಿಸಿದ ಭತ್ತವನ್ನು ಬರಿಗಾಲಲ್ಲಿ ಕೆದಕುತ್ತ ನಡೆಯುವ ಹೆಂಗಸರು. ಅವರಲ್ಲೊಬ್ಬಳು ನಾನು. ಬಿ.ಎ. ಮಾಡಿ ಮೇಡಂ ಎನಿಸಿಕೊಂಡ ಮೇಲೆ ಇಂಥದ್ದನ್ನು ಮುಚ್ಚಿಡುವವರಿದ್ದಾರೆ. ನಾನು ಕೇಳದವರಿಗೂ ಹೇಳುತ್ತೇನೆ. ನಮ್ಮ ವಂಶದ ಮೊದಲ ಡಿಗ್ರಿ ನನ್ನದು, ಗಣಿತದಲ್ಲಿ ಬಿದ್ದು ಎದ್ದು ಪಡೆದದ್ದು.

ಐವತ್ತರ ದಶಕದ ಕೊನೆಯ ಮಾತು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಸೊರಬದ ಕಡೆಯಿಂದ ಬಂದು ಗಿರಣಿ ಸೇರಿದ್ದಳು. ನನಗೆ ಹದಿನೆಂಟು, ಎಸ್ಸೆಸ್ಸೆಲ್ಸಿ ಫೇಲು. ಕಣದಲ್ಲಿ ರಜೆ ಎಂಬುದಿರಲಿಲ್ಲ. ವಾರಕ್ಕೊಂದು ದಿನ ಬಿಡುವು ಕೊಡಬೇಕೆಂದು ಕಾನೂನು ಇತ್ತಂತೆ. ಅದಿನ್ನೂ ನಮ್ಮೂರ ಬಸ್ಸು ಹತ್ತಿರಲಿಲ್ಲ. ಒಂದು ದಿನ ತಪ್ಪಿಸಿದರೆ ಮಾರನೆಯ ದಿನ ನಮ್ಮ ಜಾಗದಲ್ಲಿ ಇನ್ನೊಬ್ಬಳು.

ಗಿರಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದವರು ಐಸಾಕ್ ಮೇಸ್ತ್ರಿ. ಕೊಂಕಣದ ಯಹೂದಿಗಳು, ಮನೆಮಾತು ಮರಾಠಿ. ಹೆಂಡತಿ ಮಳ್ಕಾಬಾಯಿ ಮತ್ತು ಮಕ್ಕಳನ್ನು ಕಟ್ಟಿಕೊಂಡು ಹುಬ್ಬಳ್ಳಿಯಿಂದ ಬಂದು, ಗಿರಣಿ ಹಿಂದಿನ ಹೆಂಚಿನ ಮನೆಯಲ್ಲಿದ್ದರು. ಯಹೂದಿ ಎಂದರೇನೆಂದು ಊರಿಗೆ ಗೊತ್ತಿರಲಿಲ್ಲ. ಟೋಪಿ ನೋಡಿದವರು ಸಾಬರೆಂದರು, ಹೆಸರು ಕೇಳಿದವರು ಕಿರಿಸ್ತಾನರೆಂದರು, ಮಳ್ಕಾಬಾಯಿಯ ಬಳೆ ಕರಿಮಣಿ ನೋಡಿದ ಹೆಂಗಸರು ನಮ್ಮವರೇ ಇರಬೇಕೆಂದರು. ಶನಿವಾರ ಮೇಸ್ತ್ರಿ ಬೆಂಕಿ ಮುಟ್ಟುತ್ತಿರಲಿಲ್ಲ, ಎಂಜಿನ್ ತಿರುಗುತ್ತಿರಲಿಲ್ಲ. ಅಂಥ ಕೈ ಬೇರೆಲ್ಲೂ ಸಿಗದೆಂದು ಗಿರಣಿಯ ಸಾವ್ಕಾರರು ಅದನ್ನು ಒಪ್ಪಿಕೊಂಡಿದ್ದರು. ಎಂಜಿನ್ ನಿಂತರೂ ನಮ್ಮ ಕಾಲು ನಿಲ್ಲುತ್ತಿರಲಿಲ್ಲ. ಭತ್ತ ಒಣಗಿಸಲು ಎಂಜಿನ್ ಬೇಡವಲ್ಲ.

ನಾವು ಬಿಡುವು ಕೇಳಿದ್ದು ಸೋಮವಾರಕ್ಕೆ. ನಮ್ಮ ಕಡೆ ಆ ದಿನ ಎತ್ತಿನ ಹೆಗಲಿಗೂ ನೊಗ ಇಡುವುದಿಲ್ಲ. ಸಾವ್ಕಾರರೂ ಸೋಮವಾರ ಹಿಡಿದವರೇ. ಒಪ್ಪೊತ್ತು ಊಟ, ಹಣೆ ತುಂಬ ವಿಭೂತಿ. ಅವರು ನಕ್ಕು, "ಮೇಸ್ತ್ರಿ ಶನಿವಾರ ಅಂತಾನ, ನೀವು ಸೋಮವಾರ ಅಂತೀರಿ. ಗಿರಣಿಗೆ ಬಾಗ್ಲಾ ಹಾಕ್ಲೇನ್ರವ್ವಾ? ಮೊದ್ಲು ನಿಮ್ಮೊಳಗ ಒಂದು ದಿನ ಗೊತ್ತು ಮಾಡ್ಕೊಂಡ್ ಬರ್ರಿ" ಎಂದರು. ಅಷ್ಟೇ ಸಾಕಾಯಿತು. ನಮ್ಮ ಸಿಟ್ಟು ಸಾವ್ಕಾರರನ್ನು ಬಿಟ್ಟು ಮೇಸ್ತ್ರಿ ಮನೆಯತ್ತ ತಿರುಗಿತು. ಬಾವಿಯ ಹತ್ತಿರ ಮಳ್ಕಾಬಾಯಿಗೆ ಯಾರೂ ದಾರಿ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಸಾವ್ಕಾರರು ಮೇಸ್ತ್ರಿಗೂ ಹೇಳಿಬಿಟ್ಟರು: ಇನ್ನು ಶನಿವಾರವೂ ಎಂಜಿನ್ ತಿರುಗಬೇಕು, ಇಲ್ಲವೇ ಮನೆ ಖಾಲಿ ಮಾಡಬೇಕು.

ಆ ಸುದ್ದಿ ಕೇಳಿ ಅವ್ವ ಬಾವಿಕಟ್ಟೆಯಲ್ಲಿ ಮಳ್ಕಾಬಾಯಿಯನ್ನು ಮಾತಾಡಿಸಿದಳು.

"ಎಷ್ಟು ಶನಿವಾರ ಅಂತ ಹರಕೆ ಹೊತ್ತೀರಿ? ಮುಗಿಯಾಕೆ ಇನ್ನೆಷ್ಟು ಐತೆ?"

ಅವ್ವನ ಲೆಕ್ಕದಲ್ಲಿ ಅದು ಶನಿಕಾಟಕ್ಕೆ ಹಿಡಿದ ವಾರ.

"ಮುಗಿಯೋದು ಅಂತಿಲ್ಲ ಅಕ್ಕಾ. ಸಾಯೋ ತನಕ."

"ಅಯ್ಯೋ, ಅಷ್ಟು ಕಾಟವಾ?"

ಮಳ್ಕಾಬಾಯಿ ನಕ್ಕರು. "ಕಾಟ ಅಲ್ಲ. ಆ ದಿನ ಸುಮ್ಮನೆ ಕೂರೋದು. ಎತ್ತು, ಕತ್ತೆ, ಆಳು, ಎಲ್ರೂ ಕೂರಬೇಕು ಅಂತ ನಮ್ಮ ದೇವರ ಮಾತು."

"ಆಳೂ?"

"ಆಳೂ."

ಅವ್ವ ಕೊಡ ಎತ್ತದೆ ನಿಂತಳು. "ನಮ್ಮ ದೇವ್ರು ಎತ್ತಿನ ತನಕ ಬಂದು ನಿಂತುಬಿಟ್ಟ ನೋಡಿ" ಎಂದಳು.

ನಮ್ಮ ಕಡೆ ಯಾರಾದರೂ ದೇವರಿಗೆಂದು ವಾರ ಹಿಡಿದರೆ ಅದನ್ನು ಮುರಿಸುವಂತಿಲ್ಲ. ಮುರಿದವರಿಗಿಂತ ಮುರಿಸಿದವರಿಗೇ ಹೆಚ್ಚು ಪಾಪ. ಅವ್ವ ಇದನ್ನೇ ಕಣದ ಹೆಂಗಸರ ಮುಂದಿಟ್ಟಳು.

"ಸೋಮವಾರ ಬಿಟ್ಟು ಅವ್ರ ದೇವ್ರನ್ನ ಹಿಡಿಯಾದಾ?" ಎಂದಳು ಒಬ್ಬಳು.

"ದೇವ್ರು ನಿಂದೇ ಇರ್ಲಿ ಮಾರಾಯ್ತಿ. ಕೂರೋ ದಿನ ಮಾತ್ರ ಅವ್ರದ್ದು ತಗಳಾಣ."

ಶನಿವಾರ ಬಂತು. ಹಿಂದಿನ ದಿನ ಬೇಯಿಸಿದ ಭತ್ತ ರಾಶಿಯಾಗಿ ಹಬೆಯಾಡುತ್ತಿತ್ತು. ನಾವು ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ಕಣದ ಅಂಚಿನ ನೆರಳಲ್ಲಿ ಸಾಲಾಗಿ ಕೂತೆವು. ನನ್ನ ತೊಡೆಯ ಮೇಲೆ ಬೀಜಗಣಿತದ ಪುಸ್ತಕ. ಮೇಸ್ತ್ರಿ ತಮ್ಮ ಬಾಗಿಲಲ್ಲಿ ಕೂತಿದ್ದರು. ಸಾವ್ಕಾರರು ಬಂದರು.

"ಏನ್ರವ್ವಾ ಇದು? ಭತ್ತ ಹುಳಿ ಬರ್ತೈತಿ."

"ಬರ್ತೈತೆ ಸಾವ್ಕಾರ್ರೇ," ಅವ್ವ ಒಪ್ಪಿದಳು. "ಆದ್ರೆ ನಾವು ವಾರ ಹಿಡಿದೀವಿ."

"ಯಾವ ವಾರ?"

"ನೀವೇ ಅಂದ್ರಲ್ಲ, ಒಂದು ದಿನ ಗೊತ್ತು ಮಾಡ್ಕಂಡ್ ಬನ್ನಿ ಅಂತ. ಶನಿವಾರ."

"ಎಲ್ಲಾರೂ?"

"ಎಲ್ರೂ. ಮುರೀರಿ ಅಂತ ನೀವೇ ಬಾಯಿಬಿಟ್ಟು ಹೇಳಿ. ಈಗ್ಲೇ ಏಳ್ತೀವಿ."

ಸಾವ್ಕಾರರ ಕೈ ಕೊರಳ ಲಿಂಗದ ಮೇಲೆ ಹೋಯಿತು. ನನ್ನ ಪುಸ್ತಕ ನೋಡಿ, "ಇದು ಯಾವ ದೇವ್ರ ಪುರಾಣ?" ಎಂದು ಕೇಳಿ ಹೊರಟುಹೋದರು. ಪಕ್ಕದ ಕೇರಿಯಿಂದ ಬದಲಿ ಹೆಂಗಸರನ್ನು ಕರೆಸಿದರು. ವಾರ ಹಿಡಿದವರ ಎದುರಿಗೆ ಆ ಭತ್ತ ಮುಟ್ಟಲು ಅವರೂ ಒಪ್ಪಲಿಲ್ಲ. ಕೊನೆಗೆ ಗುಮಾಸ್ತರಿಬ್ಬರು ಪಂಚೆ ಎತ್ತಿಕಟ್ಟಿ ಕಣಕ್ಕಿಳಿದರು. ಬಿಸಿ ಗಾರೆಯ ಮೇಲೆ ಅವರು ಕುಣಿದದ್ದನ್ನು ನೋಡಿ ನಗಬಾರದೆಂದು ನಾವು ಸೆರಗು ಕಚ್ಚಿಕೊಂಡಿದ್ದೆವು. ಮುಂದಿನ ಶನಿವಾರವೂ ಹಾಗೇ ಕೂತೆವು. ಆಮೇಲೆ ಶುಕ್ರವಾರ ಭತ್ತ ಬೇಯಿಸುವುದನ್ನೇ ಸಾವ್ಕಾರರು ಬಿಟ್ಟರು. ಮೇಸ್ತ್ರಿಗೆ ಮನೆ ಬಿಡಿಸುವ ಮಾತೂ ಅಲ್ಲಿಗೇ ತಣ್ಣಗಾಯಿತು.

ನನ್ನ ಬಿ.ಎ. ಆ ಶನಿವಾರಗಳ ಬಿ.ಎ. ಮೊದಮೊದಲು ಮಳ್ಕಾಬಾಯಿಯ ಜಗಲಿಯಲ್ಲೇ ಓದುತ್ತಿದ್ದೆ. "ಓದು, ಆದ್ರೆ ಬರೀಬೇಡ, ಬರೆಯೋದು ಕೆಲಸ" ಎನ್ನುತ್ತಿದ್ದರು. ಹಾಗೆ ಬರೆಯದೆ ಗಣಿತ ಕಲಿತು ಇನ್ನೊಂದು ಸಲ ಬಿದ್ದೆ. ಮುಂದೆ ಪುಸ್ತಕ ಎತ್ತಿಕೊಂಡು ನಮ್ಮ ಮನೆಗೇ ಬಂದೆ.

ಕೆಲವು ವರ್ಷಗಳ ಮೇಲೆ ಅವರು ಇಸ್ರೇಲಿಗೆ ಹೊರಟರು. "ಅಲ್ಲಿ ಇಡೀ ಊರಿಗೇ ಶನಿವಾರ ಬಿಡುವು ಅಂತೆ ಅಕ್ಕಾ" ಎಂದರು ಮಳ್ಕಾಬಾಯಿ ಬಸ್ಸಿನ ಕಿಟಕಿಯಿಂದ. "ಹಂಗಾರೆ ಚೆನ್ನಾಗಿ ಕೂತ್ಕಳಿ" ಎಂದಳು ಅವ್ವ. ಮತ್ತೆ ಅವರ ಸುದ್ದಿ ತಿಳಿಯಲಿಲ್ಲ.

ಇಷ್ಟು ಬರೆದು ತಲೆಯೆತ್ತಿದಾಗ ನಮ್ಮ ಮನೆಗೆಲಸದ ರುದ್ರಮ್ಮ ಕೈ ಒರೆಸಿಕೊಳ್ಳುತ್ತ ಹೊರಟಿದ್ದಳು.

"ರುದ್ರಮ್ಮ, ನೀನು ಯಾವ ವಾರ ಹಿಡೀತೀಯ?"

"ನಂಗೆಲ್ಲಿ ವಾರ ಅಮ್ಮಾ. ದಿನಾ ಬರ್ತೀನಲ್ಲ."

ನಾನು ಪೆನ್ನು ಕೆಳಗಿಟ್ಟೆ. ಆಮೇಲೆ, "ಒಂದು ಹಿಡಿ. ಆ ದಿನ ಬರಬೇಡ" ಎಂದೆ.

ಅವಳ ಮುಖ ಸಣ್ಣದಾಯಿತು. "ಕೆಲ್ಸ ಬಿಡಿಸ್ತಿದ್ದೀರಾ?"

"ಇಲ್ಲ ಮಾರಾಯ್ತಿ. ಸಂಬಳ ಇದ್ದಷ್ಟೇ. ಸುಮ್ಮನೆ ಮನೇಲಿ ಕೂತಿರು."

ಅವಳು ಬಾಗಿಲಲ್ಲೇ ನಿಂತು ಯೋಚಿಸಿದಳು. "ಹಂಗಾರೆ ಭಾನುವಾರ. ಮಗಳಿಗೂ ಶಾಲೆ ಇರಲ್ಲ."

ನಾಳೆಯೇ ಭಾನುವಾರ. ಸೀಗೆಪುಡಿ ಹೋಗಿ ಸೋಪು ಬಂದ ಮೇಲೆ ನಾನು ಪಾತ್ರೆ ತೊಳೆದದ್ದಿಲ್ಲ, ಕಲಿಯಬೇಕು.